ಸಣ್ಣ ಬಿಲ್ಲು, ದೊಡ್ಡ ಹೊಲ

ಅಳೆಯುವ ಬಿಲ್ಲನ್ನು ಸಣ್ಣದು ಮಾಡಿದರೆ ಹೊಲ ದೊಡ್ಡದಾಗುತ್ತದೆ. ಸರ್ವೇ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಚೀನಾದಲ್ಲಿ ಹಿಂದೆ ಹೊಲ ಅಳೆಯಲು ಮರದ ಬಿಲ್ಲಿನಂಥ ಒಂದು ಸಾಧನ ಇತ್ತು. ಅದರ ತುದಿಗಳನ್ನು ನೆಲಕ್ಕೆ ಊರಿ, ತಿರುಗಿಸುತ್ತ ತಿರುಗಿಸುತ್ತ ಮುಂದೆ ಹೋಗುವುದು. ಒಂದು ಬಿಲ್ಲು ಅಂದರೆ ಅವರ ಅಳತೆಯಲ್ಲಿ ಐದು ಅಡಿ. ಅಂಥ 240 ಚದರ ಬಿಲ್ಲಿಗೆ ಒಂದು ಮು, 100 ಮುಗೆ ಒಂದು ಚಿಂಗ್. ಈಗ ಆ ಬಿಲ್ಲನ್ನು ನಾಲ್ಕು ಬೆರಳು ಕಮ್ಮಿ ಮಾಡಿ ನೋಡಿ. ಹೊಲ ಇದ್ದಷ್ಟೇ ಇದೆ, ಎಣಿಕೆ ಜಾಸ್ತಿ ಬರುತ್ತದೆ. ನಿನ್ನೆ ಹತ್ತು ಮು ಇದ್ದ ರೈತನ ಹೆಸರಿಗೆ ಇವತ್ತು ಹನ್ನೊಂದು ಮು. ಖುಷಿ ಪಡುವ ಹಾಗಿಲ್ಲ, ಕಂದಾಯವೂ ಹನ್ನೊಂದಕ್ಕೇ.

1580ರ ಆಸುಪಾಸಿನಲ್ಲಿ ಚೀನಾದ ಅಧಿಕಾರಿಗಳು ನಾಮುಂದು ತಾಮುಂದು ಅಂತ ಬಿಲ್ಲು ಸಣ್ಣದು ಮಾಡಿದರು ಎಂದು ಮಿಂಗ್ ರಾಜವಂಶದ ಅಧಿಕೃತ ಇತಿಹಾಸದಲ್ಲೇ ಬರೆದಿದೆ. ರಾಜಧಾನಿಯಲ್ಲಿ ಕೂತಿದ್ದ ಒಬ್ಬ ಮನುಷ್ಯನನ್ನು ಮೆಚ್ಚಿಸಲು. ಅವನ ಹೆಸರು ಜಾಂಗ್ ಜುಝೆಂಗ್, ಚಕ್ರವರ್ತಿಯ ಮುಖ್ಯ ಮಹಾಕಾರ್ಯದರ್ಶಿ. ಈ ಹೆಸರು ನನ್ನ ನಾಲಿಗೆಗೆ ಹತ್ತಲು ಸ್ವಲ್ಪ ದಿನ ಬೇಕಾಯಿತು. ನಮ್ಮ ಮನೆಯಲ್ಲಿ ಈಗ ಅವನನ್ನು 'ಜಾಂಗ್ ಸಾಹೇಬ್ರು' ಅಂತಲೇ ಕರೆಯುತ್ತೇವೆ.

ನಾನು ಯಾದಗಿರಿಯವನು, ನಿವೃತ್ತ ಸರ್ವೇಯರ್. ತಮ್ಮನ ಮಗ ಕಲಬುರಗಿಯಲ್ಲಿ ಕೆಎಎಸ್ ಕೋಚಿಂಗಿಗೆ ಹೋಗುತ್ತಾನೆ. ಊರಿಗೆ ಬಂದಾಗ ಚೀಲದ ತುಂಬ ಪುಸ್ತಕ ತಂದು ಇಲ್ಲೇ ಬಿಟ್ಟು ಹೋಗುತ್ತಾನೆ. ಬೇಸಗೆಯಲ್ಲಿ ಮಧ್ಯಾಹ್ನ ನಮ್ಮೂರಿನಲ್ಲಿ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ಕೂತು ಓದಿದೆ. ಬೇರೆ ರಾಜರ ಕಥೆ ಓದಿ ಮರೆತೆ. ಈ ಮನುಷ್ಯ ಮಾತ್ರ ತಲೆಯಲ್ಲಿ ಕೂತುಬಿಟ್ಟ. ಯಾಕೆಂದರೆ ಅವನ ಏಳು ಬೀಳು ಎರಡೂ ನನಗೆ ಗೊತ್ತಿರುವ ಸಾಮಾನುಗಳಲ್ಲೇ ಇವೆ: ರಜಿಸ್ಟರು, ಬಾಕಿ ಕಡತ, ಹೊಲದ ಅಳತೆ, ರಜೆ ಅರ್ಜಿ.

ಹುಟ್ಟಿದ್ದು 1525ರಲ್ಲಿ, ಜಿಯಾಂಗ್ಲಿಂಗ್ ಎಂಬ ಊರಿನಲ್ಲಿ, ಯಾಂಗ್ಸಿ ನದಿಯ ದಂಡೆಗೆ. ದೊಡ್ಡ ಮನೆತನ ಏನಲ್ಲ. ವಂಶಪಾರಂಪರ್ಯವಾಗಿ ಸೈನ್ಯದ ಚಾಕರಿಗೆ ಬರೆಸಿಕೊಂಡ ಕುಟುಂಬ. ಅಜ್ಜ ಅಲ್ಲಿನ ಲಿಯಾವ್ ಎಂಬ ರಾಜಕುಮಾರನ ಅರಮನೆಯಲ್ಲಿ ಕಾವಲುಗಾರ. ಹುಡುಗ ಮಾತ್ರ ಭಾರೀ ಚುರುಕು. 1537ರಲ್ಲಿ, ಇನ್ನೂ ಹನ್ನೆರಡರ ಪೋರ, ಪ್ರಾಂತ್ಯದ ಪರೀಕ್ಷೆಗೆ ಕೂತ. ಅಲ್ಲಿಯ ಗವರ್ನರ್ ಗು ಲಿನ್ ಎಂಬಾತ ಅವನ ಉತ್ತರ ಮೆಚ್ಚಿಕೊಂಡು, ಬೇಕಂತಲೇ ಫೇಲು ಮಾಡಿಸಿದ. ಈ ವಯಸ್ಸಿಗೇ ಪಾಸಾದರೆ ತಲೆ ತಿರುಗುತ್ತದೆ, ಸ್ವಲ್ಪ ಮಾಗಲಿ ಅಂತ. ಮೂರು ವರ್ಷದ ಮೇಲೆ ಪಾಸಾದಾಗ ಅದೇ ಗು ಲಿನ್ ತನ್ನ ಸೊಂಟದ ಪಟ್ಟಿ ಬಿಚ್ಚಿ ಹುಡುಗನಿಗೆ ಕೊಟ್ಟ, ನೀನು ಮುಂದೆ ಇದಕ್ಕಿಂತ ಮೇಲಿನದು ಕಟ್ಟುವವನು ಅಂತ ಹೇಳಿದ. ನಮ್ಮ ತಮ್ಮನ ಮಗನಿಗೆ ಈ ಕಥೆ ಹೇಳಿದೆ. "ದೊಡ್ಡಪ್ಪಾ, ನನ್ನನ್ನೂ ಹಂಗೇ ಯಾರೋ ಬೇಕಂತ ಫೇಲ್ ಮಾಡ್ಯಾರ ನೋಡು" ಅಂದ. ಏನು ಹೇಳುವುದು.

1547ರಲ್ಲಿ ರಾಜಧಾನಿಯ ಕೊನೆಯ ಪರೀಕ್ಷೆ ದಾಟಿ ಬೀಜಿಂಗಿನಲ್ಲಿ ನೌಕರಿಗೆ ಸೇರಿದ. ಮುಂದಿನ ಇಪ್ಪತ್ತು ವರ್ಷದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ದೊಡ್ಡವರ ನಡುವೆ ತಲೆ ತಗ್ಗಿಸಿ ಇದ್ದ. ನಡುವೆ ಬೇಸತ್ತು ಕೆಲವು ವರ್ಷ ಊರಿಗೂ ಹೋಗಿ ಕೂತ. ಶೂ ಜೀ ಎಂಬ ಹಿರಿಯ ಅಧಿಕಾರಿ ಅವನ ಬೆನ್ನಿಗಿದ್ದ. 1567ರಲ್ಲಿ ಮಹಾಕಾರ್ಯದರ್ಶಿಗಳ ಮಂಡಳಿಗೆ ಬಂದ.

ಈ ಮಂಡಳಿಯದ್ದೇ ಒಂದು ಗಮ್ಮತ್ತು. ಮಿಂಗ್ ವಂಶದ ಮೊದಲ ಚಕ್ರವರ್ತಿ 1380ರಲ್ಲಿ ಪ್ರಧಾನಮಂತ್ರಿ ಹುದ್ದೆಯನ್ನೇ ತೆಗೆದುಹಾಕಿದ್ದ. ಮತ್ತೆ ಯಾರೂ ಆ ಹುದ್ದೆ ಬೇಕು ಅನ್ನಬಾರದು ಅಂತ ಕಟ್ಟಪ್ಪಣೆ. ಹಾಗಾಗಿ ಮಹಾಕಾರ್ಯದರ್ಶಿಗಳು ಕಾಗದದ ಮೇಲೆ ಬರೀ ಬರವಣಿಗೆಯವರು. ಬಂದ ಅರ್ಜಿಗೆ ಚಕ್ರವರ್ತಿ ಏನು ಉತ್ತರ ಕೊಡಬೇಕು ಅಂತ ಕರಡು ಬರೆಯುವುದು ಅವರ ಕೆಲಸ. ಇಲಾಖೆಗಳಿಗೆ ನೇರವಾಗಿ ಹುಕುಂ ಮಾಡುವ ಅಧಿಕಾರ ಇಲ್ಲ. ಆದರೆ ಕರಡು ಬರೆಯುವವನ ಕೈಯಲ್ಲಿ ಎಷ್ಟು ಬಲ ಇರುತ್ತದೆ ಅನ್ನೋದು ಕಚೇರಿಯಲ್ಲಿ ಒಂದು ವರ್ಷ ಕೂತವರಿಗೂ ಗೊತ್ತು, ಅಲ್ವಾ?

1572ರಲ್ಲಿ ಚಕ್ರವರ್ತಿ ಸತ್ತ. ಮಗ ವಾನ್ಲಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಆಗ ಮಂಡಳಿಯ ಮುಖ್ಯಸ್ಥ ಗಾವ್ ಗಾಂಗ್. ಬಾಯಿಬಡುಕ ಮನುಷ್ಯ. (ಅವರ ಎಣಿಕೆಯಲ್ಲಿ) ಹತ್ತು ವರ್ಷದ ಹುಡುಗ ರಾಜ್ಯ ಹೇಗೆ ಆಳಿಯಾನು ಅಂತ ಎಲ್ಲೋ ಗೊಣಗಿದ. ಅರಮನೆಯ ನಪುಂಸಕರ ಮುಖ್ಯಸ್ಥ ಫೆಂಗ್ ಬಾವ್ ಆ ಮಾತಿಗೆ ಉಪ್ಪು ಖಾರ ಹಚ್ಚಿ ರಾಜಮಾತೆಯರ ಕಿವಿಗೆ ಹಾಕಿದ. ಕೆಲವೇ ದಿನದಲ್ಲಿ ಗಾವ್ ಗಾಂಗ್ ಗಂಟು ಮೂಟೆ ಕಟ್ಟಿದ. ಆ ಕುರ್ಚಿಗೆ ಜಾಂಗ್ ಸಾಹೇಬ್ರು ಬಂದರು. ಇದರಲ್ಲಿ ಅವರ ಕೈ ಎಷ್ಟಿತ್ತು ಅಂತ ಇತಿಹಾಸಕಾರರು ಇನ್ನೂ ವಾದ ಮಾಡುತ್ತಾರೆ. ಫೆಂಗ್ ಬಾವ್ ಜೊತೆ ದೋಸ್ತಿ ಇತ್ತು ಅನ್ನೋದಂತೂ ಖರೆ. ಆ ದೋಸ್ತಿ ಇಲ್ಲದಿದ್ದರೆ ಮುಂದಿನ ಹತ್ತು ವರ್ಷ ಅವರಿಗೆ ಏನೂ ಮಾಡಲಿಕ್ಕೆ ಆಗುತ್ತಿರಲಿಲ್ಲ.

ಬಂದವರೇ ಮೊದಲು ಹಿಡಿದದ್ದು ಬಾಕಿ ಕಡತಗಳನ್ನು. 1573ರಲ್ಲಿ ಒಂದು ಪದ್ಧತಿ ತಂದರು. ಪ್ರತಿ ಕಾಗದಕ್ಕೂ ಗಡುವು. ಪ್ರತಿ ಕೆಲಸವನ್ನೂ ಮೂರು ರಜಿಸ್ಟರಿನಲ್ಲಿ ಬರೆಯಬೇಕು. ಒಂದು ಇಲಾಖೆಯಲ್ಲೇ ಇರುತ್ತದೆ. ಇನ್ನೊಂದು ತಪಾಸಣೆ ಮಾಡುವ ಕಚೇರಿಗೆ. ಮೂರನೆಯದು ಮಹಾಕಾರ್ಯದರ್ಶಿಗಳ ಮಂಡಳಿಗೆ. ಕೆಲಸ ಮುಗಿದರೆ ಅಲ್ಲಿ ಹೊಡೆದುಹಾಕುವುದು, ಉಳಿದರೆ ಯಾಕೆ ಉಳಿಯಿತು ಅಂತ ಬರೆಯುವುದು. ತಿಂಗಳಿಗೊಮ್ಮೆ ತಾಳೆ ನೋಡುವುದು. ಪ್ರಾಂತ್ಯದವರನ್ನು ಇಲಾಖೆ ನೋಡುತ್ತದೆ, ಇಲಾಖೆಯನ್ನು ತಪಾಸಣೆಯವರು ನೋಡುತ್ತಾರೆ, ತಪಾಸಣೆಯವರನ್ನು ಮಂಡಳಿ ನೋಡುತ್ತದೆ.

ಇದನ್ನು ನಾನು ನಮ್ಮ ಬೀದಿಯ ನಿವೃತ್ತ ಶಿರಸ್ತೇದಾರ್ ಸಾಹೇಬರಿಗೆ ಓದಿ ಹೇಳಿದೆ. ಚಹಾ ಕಪ್ಪು ಕೆಳಗಿಟ್ಟು, "ಅಲ್ರೀ, ಇದು ನಮ್ಮ ತಿಂಗಳ ರಿವ್ಯೂ ಮೀಟಿಂಗೇ ಆಯ್ತಲ್ರೀ" ಅಂದರು. 2012ರಲ್ಲಿ ಸಕಾಲ ಬಂದಾಗ ಅರ್ಜಿಗೆ 15 ಅಂಕಿಯ ನಂಬರು, ದಿನದ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿ ಅಂತ ಆಯಿತಲ್ಲ, ಆಗ ಕಚೇರಿಗಳಲ್ಲಿ ಎದ್ದ ಗುಸುಗುಸು ನೆನಪಿದೆ. 1573ರ ಬೀಜಿಂಗಿನಲ್ಲೂ ಅದೇ ಗುಸುಗುಸು ಇದ್ದಿರಬೇಕು. ಆದರೆ ಅಲ್ಲಿ ದಂಡ 20 ರೂಪಾಯಿ ಅಲ್ಲ. ಕಂದಾಯ ವಸೂಲಿ ನೂರಕ್ಕೆ ತೊಂಬತ್ತು ಮುಟ್ಟದಿದ್ದರೆ ಅಧಿಕಾರಿಗೆ ಹಿಂಬಡ್ತಿ, ಸಂಬಳ ಕಡಿತ, ಇಲ್ಲವೇ ಮನೆಗೆ.

ಫಲ ಸಿಕ್ಕಿತು. ರಾಜಧಾನಿಯ ಉಗ್ರಾಣದಲ್ಲಿ ಹತ್ತು ವರ್ಷಕ್ಕೆ ಸಾಕಾಗುವಷ್ಟು ಧಾನ್ಯ ಸೇರಿತು. ಸರಕಾರಿ ಕುದುರೆ ಲಾಯದ ಖಾತೆಯೊಂದರಲ್ಲೇ 40 ಲಕ್ಷ ಲಿಯಾಂಗ್ ಮಿಕ್ಕಿ ಬೆಳ್ಳಿ ಕೂಡಿತು. ಲಿಯಾಂಗ್ ಅಂದರೆ ಸುಮಾರು 37 ಗ್ರಾಮು. ಹಳದಿ ನದಿಯ ಪ್ರವಾಹ ಕಟ್ಟಿಹಾಕಲು 1578ರಲ್ಲಿ ಪಾನ್ ಜಿಶುನ್ ಎಂಬ ಗಟ್ಟಿ ಇಂಜಿನಿಯರನನ್ನು ಹಾಕಿದರು. ಉತ್ತರದ ಗಡಿಗೆ ಚೀ ಜಿಗುವಾಂಗ್ ಎಂಬ ಸೇನಾಪತಿ ಇದ್ದ. ಬೇರೆ ಬೇರೆ ತೆರಿಗೆ, ಬಿಟ್ಟಿ ಚಾಕರಿ ಎಲ್ಲ ಒಟ್ಟುಗೂಡಿಸಿ ಬೆಳ್ಳಿಯಲ್ಲಿ ಒಂದೇ ಕಂದಾಯ ಕಟ್ಟುವ ಪದ್ಧತಿ ಮೊದಲೇ ಅಲ್ಲಲ್ಲಿ ಇತ್ತು. ಜಾಂಗ್ ಸಾಹೇಬ್ರು 1581ರಲ್ಲಿ ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು.

ಆದರೆ ಕಂದಾಯ ಸರಿ ಆಗಬೇಕಾದರೆ ಹೊಲ ಸರಿ ಅಳೆಯಬೇಕು. ಇಲ್ಲಿಗೆ ನನ್ನ ಪ್ರದೇಶ ಬಂತು.

ದೊಡ್ಡವರ ಹೊಲ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಪರೀಕ್ಷೆ ಪಾಸಾದ ಅಧಿಕಾರಿಗಳಿಗೆ ಇಷ್ಟು ಅಂತ ಕಂದಾಯ ಮಾಫಿ ಇತ್ತು. ಊರವರು ತಮ್ಮ ಹೊಲವನ್ನೂ ಅವರ ಹೆಸರಿನ ನೆರಳಿಗೆ ತಂದು ಹಾಕುತ್ತಿದ್ದರು. ನಮ್ಮ ಭಾಷೆಯಲ್ಲಿ ಬೇನಾಮಿ. ಬಿಟ್ಟುಹೋದ ಕಂದಾಯ ಕೊನೆಗೆ ಬೀಳುತ್ತಿದ್ದದ್ದು ಹೆಸರಿಲ್ಲದ ಬಡ ರೈತನ ತಲೆಗೆ. ಜಾಂಗ್ ಸಾಹೇಬ್ರು ಮೊದಲು 1578ರಲ್ಲಿ ಫುಜಿಯಾನ್ ಪ್ರಾಂತ್ಯದಲ್ಲಿ ಅಳತೆ ಮಾಡಿಸಿ ನೋಡಿದರು. ಆಮೇಲೆ ದೇಶಕ್ಕೆಲ್ಲ ಹುಕುಂ. ತಮ್ಮ ಸ್ವಂತ ಊರಿನ ಲೆಕ್ಕವನ್ನೂ ಮಗನಿಂದ ತೆಗೆಸಿದರು. ಜಿಯಾಂಗ್ಲಿಂಗಿನ ಪುಸ್ತಕದಲ್ಲಿ ಅವರ ಹೆಸರಿಗೆ 640 ಚಿಲ್ಲರೆ ಮೂಟೆ ಧಾನ್ಯದ ಮಾಫಿ ಬರೆದಿತ್ತು. ಖರೆ ನೋಡಿದರೆ ಅವರ ಮನೆತನದ್ದು 70 ಚಿಲ್ಲರೆ. ಉಳಿದದ್ದು ನೆಂಟರು, ಆಳುಗಳು, ಯಾರ್ಯಾರೋ ಹೆಸರು ಉಪಯೋಗಿಸಿಕೊಂಡದ್ದು. ಅದನ್ನೆಲ್ಲ ವಾಪಸು ಕಂದಾಯಕ್ಕೆ ಹಚ್ಚಿಸಿದರು. ಇಲ್ಲಿ ನಾನು ಪುಸ್ತಕ ಮಡಚಿಟ್ಟು ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ. ಯಾಕೆಂದರೆ ನೌಕರಿಯಲ್ಲಿ ನಾನು ಕಂಡ ದೊಡ್ಡವರೆಲ್ಲ ಅಳತೆಯನ್ನು ಪಕ್ಕದ ಹೊಲದಿಂದ ಶುರು ಮಾಡಿ ಅನ್ನುವವರೇ.

ಭೀಮಾ ದಂಡೆಯ ಒಂದು ಊರಿನಲ್ಲಿ ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಲು, ಹೋದದ್ದು ಹೇಳಲೇಬೇಕು. ಅಣ್ಣತಮ್ಮಂದಿರ ಜಗಳ. ನಡುವೆ ಇರಬೇಕಾದ ಬಾಂದು ಕಲ್ಲು ಇರಲಿಲ್ಲ. ಎರೆ ಭೂಮಿ, ಬಿಸಿಲಿಗೆ ಬಾಯಿ ಬಿಟ್ಟು ನಿಂತಿತ್ತು. ಸರಪಳಿ 33 ಅಡಿ, ಕಬ್ಬಿಣದ್ದು, ಮುಟ್ಟಿದರೆ ಕೈ ಸುಡುತ್ತಿತ್ತು. ಅಣ್ಣ ಹತ್ತಿರ ಬಂದು ಮೆಲ್ಲಗೆ, "ಸಾಹೇಬ್ರ, ಸರಪಳಿ ಸ್ವಲ್ಪ ಸಡ್ಲ ಬಿಡ್ರಿ" ಅಂದ. ತಮ್ಮ ಆ ಕಡೆಯಿಂದ, "ಬಿಗೀ ಎಳೀರಿ ಸಾಹೇಬ್ರ, ಇನ್ನಾ ಬಿಗಿ" ಅಂತ ಕೂಗಿದ. ಇಬ್ಬರೂ ಶಾಲೆಗೆ ಹೋದವರಲ್ಲ. ಆದರೆ ಸಡಿಲ ಸರಪಳಿಗೆ ಎಣಿಕೆ ಜಾಸ್ತಿ, ಬಿಗಿ ಸರಪಳಿಗೆ ಕಮ್ಮಿ ಅನ್ನೋದು ಇಬ್ಬರಿಗೂ ಪಕ್ಕಾ ಗೊತ್ತಿತ್ತು. ಅವರ ತಾಯಿ ಬದುವಿನ ಮೇಲೆ ಕೂತು ಇಬ್ಬರಿಗೂ ಬೈಯುತ್ತಿದ್ದಳು. ನನಗೂ ಸೇರಿಸಿ ಬೈದಳು. ಕೊನೆಗೆ ಅವಳೇ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಕೈಗೆ ಕೊಟ್ಟಳು. ಹಳೆಯ ಸರ್ವೇ ಟಿಪ್ಪಣಿ ಪ್ರಕಾರ ಅಳೆದರೆ ಕಲ್ಲು ಇರಬೇಕಾದ ಜಾಗ ತಮ್ಮನ ಜೋಳದೊಳಗೆ ಬಂತು. ಅವತ್ತು ಸಂಜೆ ವಾಪಸು ಬರುವಾಗ ಊರಿನಲ್ಲಿ ಒಬ್ಬರೂ ನನಗೆ ನೀರು ಬೇಕಾ ಅಂತ ಕೇಳಲಿಲ್ಲ. ಗೆದ್ದ ಅಣ್ಣನೂ ಕೇಳಲಿಲ್ಲ. ಅವನ ಲೆಕ್ಕದಲ್ಲಿ ಇನ್ನೂ ಎರಡು ಗುಂಟೆ ಬರಬೇಕಿತ್ತು.

ಅಳೆಯುವವನಿಗೆ ಎರಡೂ ಕಡೆ ವೈರಿಗಳೇ. ಜಾಂಗ್ ಸಾಹೇಬ್ರು ಇಡೀ ಚೀನಾ ಅಳೆಸಿದರು. ಲೆಕ್ಕ ಹಾಕಿ.

ಅಳತೆಯ ಫಲ 70 ಲಕ್ಷ ಚಿಂಗ್ ದಾಟಿತು. ಶತಮಾನದ ಶುರುವಿನ ಲೆಕ್ಕಕ್ಕಿಂತ ಸುಮಾರು 30 ಲಕ್ಷ ಜಾಸ್ತಿ. ಅದರಲ್ಲಿ ಬಚ್ಚಿಟ್ಟ ಹೊಲ ಎಷ್ಟು, ಸಣ್ಣ ಬಿಲ್ಲಿನ ಮಹಿಮೆ ಎಷ್ಟು? ಎರಡೂ ಇದ್ದವು. ಮೇಲಿನವರು ಕೇಳಿದ ಅಂಕಿಯನ್ನು ಕೆಳಗಿನವರು ಹೇಗಾದರೂ ಮಾಡಿ ಕೊಡುತ್ತಾರೆ. ಮೂರು ರಜಿಸ್ಟರ್ ಇಟ್ಟರೆ ಮೂರರಲ್ಲೂ ತಾಳೆ ಆಗುವ ಹಾಗೆ ಕೊಡುತ್ತಾರೆ.

ಸಾಹೇಬರು ಸತ್ತ ಮೇಲೆ ಬಿದ್ದರು ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಅವರು ಬಿದ್ದದ್ದು 1577ರಲ್ಲಿ, ಅಧಿಕಾರದ ನಡುಮಧ್ಯದಲ್ಲಿ. ಅದೂ ಒಂದು ರಜೆಯ ವಿಷಯಕ್ಕೆ.

ಆ ವರ್ಷ ಜಿಯಾಂಗ್ಲಿಂಗಿನಲ್ಲಿ ತಂದೆ ತೀರಿಕೊಂಡರು. ಮಗ ಹತ್ತೊಂಬತ್ತು ವರ್ಷದಿಂದ ತಂದೆಯ ಮುಖ ನೋಡಿರಲಿಲ್ಲ. ಚೀನಾದ ನಿಯಮ ಏನೆಂದರೆ, ತಂದೆ ಅಥವಾ ತಾಯಿ ಸತ್ತರೆ ಅಧಿಕಾರಿ ಎಷ್ಟೇ ದೊಡ್ಡವನಿರಲಿ, ಹುದ್ದೆ ಬಿಟ್ಟು ಊರಿಗೆ ಹೋಗಿ 27 ತಿಂಗಳು ಸೂತಕ ಹಿಡಿಯಬೇಕು. ನಮ್ಮಲ್ಲಿ ದಿನಕರ್ಮ ಮುಗಿಸಿ ಎರಡು ವಾರಕ್ಕೆಲ್ಲ ಕಚೇರಿಗೆ ಬರುತ್ತೇವೆ. ಅಲ್ಲಿ ಹಾಗೆ ಬಂದರೆ ಮನುಷ್ಯನೇ ಅಲ್ಲ ಅಂತಾರೆ. ರಾಜ್ಯ ನಿಂತಿರುವುದೇ ತಂದೆ-ಮಗನ ಧರ್ಮದ ಮೇಲೆ ಅನ್ನುವ ದೇಶ ಅದು. ತೀರಾ ಅಗತ್ಯ ಬಿದ್ದರೆ ಚಕ್ರವರ್ತಿ ಈ ರಜೆ ಬೇಡ ಅಂತ ತಡೆಯಬಹುದಿತ್ತು. ವಾನ್ಲಿ ತಡೆದ. ಸಾಹೇಬರು ಹೋಗುತ್ತೇನೆ ಅಂತ ಅರ್ಜಿ ಬರೆದರು, ಚಕ್ರವರ್ತಿ ಬೇಡ ಅಂದ, ಮತ್ತೆ ಬರೆದರು, ಮತ್ತೆ ಬೇಡ. ಈ ನಾಟಕ ಯಾರು ಬರೆದದ್ದು ಅಂತ ಊರಿಗೆಲ್ಲ ಅನುಮಾನ. 27 ತಿಂಗಳು ಕುರ್ಚಿ ಬಿಟ್ಟರೆ ವಾಪಸು ಸಿಗುತ್ತದಾ? ಸಿಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಸಂಬಳ ಬಿಟ್ಟು, ಸಾದಾ ಬಟ್ಟೆ ಹಾಕಿಕೊಂಡು ಕೆಲಸ ಮುಂದುವರಿಸಿದರು. ಅದೇ ಸಮಯಕ್ಕೆ ಆಕಾಶದಲ್ಲಿ ದೊಡ್ಡ ಧೂಮಕೇತು ಬಂತು. ಯುರೋಪಿನಲ್ಲಿ ಖಗೋಳ ವಿಜ್ಞಾನಿ ಟೈಕೋ ಬ್ರಾಹೆ ಅಳೆದದ್ದೂ ಅದೇ ಧೂಮಕೇತುವನ್ನು. ಬೀಜಿಂಗಿನ ಜನ ಅದನ್ನು ಅಳೆಯಲಿಲ್ಲ, ಅದರ ಅರ್ಥ ಏನು ಅಂತ ಪಿಸುಗುಟ್ಟಿದರು.

ನಾಲ್ಕು ಜನ ಅಧಿಕಾರಿಗಳು ಬರೆದು ಕೊಟ್ಟೇಬಿಟ್ಟರು: ಇದು ಅಧರ್ಮ, ಊರಿಗೆ ಹೋಗಲಿ. ಅದರಲ್ಲಿ ಇಬ್ಬರಿಗೆ 60 ಏಟು, ಇಬ್ಬರಿಗೆ 80 ಏಟು, ಅರಮನೆಯ ಅಂಗಳದಲ್ಲಿ. ಜಾವ್ ಯಾಂಗ್‌ಶಿಯಾನ್ ಎಂಬ ದಪ್ಪ ಮನುಷ್ಯನ ತೊಡೆಯಿಂದ ಅಂಗೈಯಗಲದ ಮಾಂಸ ಕಿತ್ತುಬಂತು. ಅವನ ಹೆಂಡತಿ ಅದನ್ನು ಒಣಗಿಸಿ ಇಟ್ಟುಕೊಂಡಳು. ಬೈಗುಳ ಮರೆಯಬಹುದು, ಒಣಗಿಸಿಟ್ಟ ಮಾಂಸವನ್ನು ಆ ಮನೆಯ ಮಕ್ಕಳು ಹೇಗೆ ಮರೆಯುತ್ತಾರೆ?

ಐದನೆಯವನು ಜೌ ಯುವಾನ್‌ಬಿಯಾವ್. ಅದೇ ವರ್ಷ ಪರೀಕ್ಷೆ ಪಾಸಾದ ಹುಡುಗ. ಕಂಪ್ಲೇಂಟನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡು ಅರಮನೆಗೆ ಬಂದಾಗ ಆ ನಾಲ್ವರಿಗೆ ಏಟು ಬೀಳುತ್ತಿತ್ತು. ಅದು ಮುಗಿಯುವವರೆಗೂ ನಿಂತು ನೋಡಿದ. ಆಮೇಲೆ ಕಾಗದ ತೆಗೆದು ಅರಮನೆ ಸೇವಕನ ಕೈಗಿಟ್ಟ. ಏನಿದು ಅಂದದ್ದಕ್ಕೆ, ರಜೆ ಅರ್ಜಿ ಅಂದ! ಶಿರಸ್ತೇದಾರ್ ಸಾಹೇಬರು ಇದಕ್ಕೆ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಹುಡುಗನಿಗೂ 80 ಏಟು ಬಿತ್ತು. ದೂರದ ಗುಯಿಝೌ ಗಡಿಗೆ ಅಟ್ಟಿದರು. ಅವನ ಹೆಸರು ನೆನಪಿಡಿ.

ಮುಂದಿನ ವರ್ಷ ಸಾಹೇಬರು ತಂದೆಯನ್ನು ಮಣ್ಣು ಮಾಡಲು ಊರಿಗೆ ಹೋದರು. 32 ಜನ ಹೊರುವ ಪಲ್ಲಕ್ಕಿಯಲ್ಲಿ ಹೋದರು, ಒಳಗೆ ಮಲಗುವ ಕೋಣೆ ಬೇರೆ ಇತ್ತು, ದಾರಿಯಲ್ಲಿ ನೂರು ಬಗೆ ಅಡುಗೆ ಇಟ್ಟರೂ ತಿನ್ನುವಂಥದ್ದು ಏನೂ ಇಲ್ಲ ಅಂದರು ಅಂತೆಲ್ಲ ಕಥೆ ಇದೆ. ಬರೆದವರು ಅವರನ್ನು ಕಂಡರಾಗದವರು, ಸ್ವಲ್ಪ ಕಳೆದೇ ಓದಬೇಕು. ಖರೆ ಇರುವುದು ಇನ್ನೂ ವಿಚಿತ್ರ. ಸಾಹೇಬರು ವಾಪಸು ಬರುವವರೆಗೆ ದೊಡ್ಡ ವಿಷಯ ಯಾವುದನ್ನೂ ನೀವೇ ತೀರ್ಮಾನ ಮಾಡಬೇಡಿ, ಕುದುರೆ ಟಪಾಲಿನಲ್ಲಿ ಜಿಯಾಂಗ್ಲಿಂಗಿಗೆ ಕಳಿಸಿ ಅಂತ ಚಕ್ರವರ್ತಿ ಮಂಡಳಿಯ ಉಳಿದವರಿಗೆ ಹುಕುಂ ಮಾಡಿದ. ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಅಷ್ಟು ದೊಡ್ಡ ರಾಜ್ಯದ ಕಡತಗಳು ಒಬ್ಬ ಮನುಷ್ಯನ ಹಿಂದೆ ಓಡಿದವು. ಮೂರು ರಜಿಸ್ಟರ್ ಪದ್ಧತಿಯಲ್ಲಿ ಎಲ್ಲರ ಮೇಲೂ ಒಬ್ಬ ನೋಡುವವನಿದ್ದ. ಕಟ್ಟಕಡೆಯಲ್ಲಿ ಕೂತವನನ್ನು ನೋಡುವವರು ಯಾರೂ ಇರಲಿಲ್ಲ. ಮಕ್ಕಳ ವಿಷಯದಲ್ಲಂತೂ ಇದು ಕಣ್ಣಿಗೆ ಹೊಡೆಯುತ್ತದೆ. 1577ರ ಪರೀಕ್ಷೆಯಲ್ಲಿ ಎರಡನೇ ಮಗ ದೇಶಕ್ಕೇ ಎರಡನೆಯವನು. 1580ರಲ್ಲಿ ಮೂರನೇ ಮಗ ದೇಶಕ್ಕೇ ಮೊದಲನೆಯವನು. ಹುಡುಗರು ಬುದ್ಧಿವಂತರೇ ಇರಬಹುದು. ಆದರೂ ಯಾರು ನಂಬುತ್ತಾರೆ ಹೇಳಿ.

ಇನ್ನು ವಾನ್ಲಿ. ಇವನ ಮೇಲೆ ನನಗೆ ಸಿಟ್ಟೂ ಇದೆ, ಪಾಪ ಅಂತಲೂ ಅನಿಸುತ್ತದೆ. ಸಾಹೇಬರು ಅವನಿಗೆ ಗುರು. ಚಿತ್ರ ಬರೆಸಿ ಪಾಠದ ಪುಸ್ತಕ ಮಾಡಿಕೊಟ್ಟಿದ್ದರು, ಒಳ್ಳೆಯ ರಾಜರ 81 ಕಥೆ, ಕೆಟ್ಟ ರಾಜರ 36 ಕಥೆ. ಒಂದು ದಿನ ಹುಡುಗ ಓದುವಾಗ ಒಂದು ಅಕ್ಷರ ತಪ್ಪು ಉಚ್ಚರಿಸಿದ. ಸಾಹೇಬರು ಎಲ್ಲರೆದುರು ಗಟ್ಟಿಯಾಗಿ ಗದರಿ ತಿದ್ದಿದರು. ಹುಡುಗ ಬೆಚ್ಚಿಬಿದ್ದ. ಕೈಬರಹ ಚೆಂದ ಇತ್ತು, ಅದರಿಂದ ರಾಜ್ಯಕ್ಕೆ ಏನುಪಯೋಗ ಅಂತ ಆ ಪಾಠವನ್ನೇ ನಿಲ್ಲಿಸಿದರು. ತಾಯಿ ತಪ್ಪು ಕಂಡರೆ ಮೊಣಕಾಲೂರಿಸಿ, "ಜಾಂಗ್ ಸಾಹೇಬ್ರಿಗೆ ಗೊತ್ತಾದ್ರೆ ಏನ್ ಗತಿ?" ಅನ್ನುತ್ತಿದ್ದಳು. 1580ರಲ್ಲಿ, ಹದಿನೇಳರ ಹುಡುಗ ಕುಡಿದ ಅಮಲಿನಲ್ಲಿ, ಹಾಡಲು ಬರುವುದಿಲ್ಲ ಅಂದ ಸೇವಕನ ಕೂದಲು ಕತ್ತರಿಸಿದ. ನಿನ್ನ ತಲೆ ಕಡಿದ ಹಾಗೆ ಅಂತ. ತಾಯಿಗೆ ಗೊತ್ತಾಯಿತು. ನಿನ್ನನ್ನು ಇಳಿಸಿ ತಮ್ಮನನ್ನು ಕೂಡಿಸುತ್ತೇನೆ ಅಂದಳು. ಅವನು ಅತ್ತ. ಆಮೇಲೆ ಚಕ್ರವರ್ತಿಯ ಹೆಸರಿನಲ್ಲಿ ಒಂದು ತಪ್ಪೊಪ್ಪಿಗೆ ಪತ್ರ ತಯಾರಾಯಿತು. ಕರಡು ಯಾರದ್ದು? ಸಾಹೇಬರದ್ದೇ. ವಾನ್ಲಿ ಓದಿ ನಾಚಿಕೆಯಿಂದ ಕುಗ್ಗಿದ. ತಾಯಿಯ ಹೆದರಿಕೆಗೆ ಹಾಗೇ ಹೊರಡಿಸಿದ. ಇಂಥವನ್ನು ಹದಿನೇಳರ ಹುಡುಗ ಮರೆಯುವುದಿಲ್ಲ.

1582ರ ಜುಲೈ ತಿಂಗಳಲ್ಲಿ ಸಾಹೇಬರು ಕಾಯಿಲೆಯಿಂದ ತೀರಿಕೊಂಡರು. ಕಾಯಿಲೆ ಬಿದ್ದಾಗ ಬೀಜಿಂಗಿನ ಅಧಿಕಾರಿಗಳೆಲ್ಲ ಗುಡಿಗುಡಿಗೆ ಹೋಗಿ ಪೂಜೆ ಮಾಡಿಸಿದ್ದರು. ನಿಮ್ಮ ಉಪಕಾರ ತೀರಿಸಲಾರೆ, ನಿಮ್ಮ ಮಕ್ಕಳು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂತ ವಾನ್ಲಿ ಹಿಂದೆ ಮಾತು ಕೊಟ್ಟಿದ್ದ.

ಅದೇ ವರ್ಷದ ಕೊನೆಗೆ ಫೆಂಗ್ ಬಾವ್ ಬಿದ್ದ. 1583ರಲ್ಲಿ ಸಾಹೇಬರ ಬಿರುದುಗಳೆಲ್ಲ ಹೋದವು. 1584ರಲ್ಲಿ ಜಪ್ತಿ. ಲಿಯಾವ್ ರಾಜಕುಮಾರನ ಮನೆಯವರು, ನಮ್ಮ ಅರಮನೆ, ಆಸ್ತಿ ಎಲ್ಲ ನುಂಗಿದ್ದು ಇವನೇ ಅಂತ ದೂರು ಕೊಟ್ಟದ್ದು ಸಾಕಾಯಿತು. ಅಜ್ಜ ಕಾವಲು ಕಾಯ್ದ ಅರಮನೆ ಅದು. ಬೀಜಿಂಗಿನಿಂದ ಜಪ್ತಿಯವರು ಹೊರಡುವ ಸುದ್ದಿ ಕೇಳಿ ಜಿಯಾಂಗ್ಲಿಂಗಿನ ಸ್ಥಳೀಯ ಅಧಿಕಾರಿಗಳು ಮೊದಲೇ ಮನೆಗೆ ಬೀಗ ಜಡಿದರು. ಒಳಗೆ ಜನ ಇದ್ದ ಹಾಗೇ. ಹೆಂಗಸರು ಮಕ್ಕಳು ಖಾಲಿ ಕೋಣೆಗಳಲ್ಲಿ ಅಡಗಿದ್ದರು. ಬಾಗಿಲು ತೆರೆದಾಗ ಹತ್ತಕ್ಕೂ ಜಾಸ್ತಿ ಜನ ಹಸಿವಿನಿಂದ ಸತ್ತಿದ್ದರು. ಇದನ್ನು ಮಾಡು ಅಂತ ಆ ಅಧಿಕಾರಿಗಳಿಗೆ ಯಾರೂ ಹೇಳಿರಲಿಲ್ಲ. ಬಿಲ್ಲು ಸಣ್ಣದು ಮಾಡು ಅಂತಲೂ ಯಾರೂ ಹೇಳಿರಲಿಲ್ಲ.

ಸಿಕ್ಕದ್ದು ಬಂಗಾರ 10 ಸಾವಿರ ಲಿಯಾಂಗ್ ಮೇಲೆ, ಬೆಳ್ಳಿ 1 ಲಕ್ಷ ಲಿಯಾಂಗ್ ಮೇಲೆ. ಶಿರಸ್ತೇದಾರ್ ಸಾಹೇಬರು ಕೇಳಿದರು, "ಹಂಗಾದ್ರ ತಿಂದಿದ್ದು ಖರೇನ ಅಲ್ರಿ?" ಖರೆ. ಸಂಬಳದಲ್ಲಿ ಅಷ್ಟು ಕೂಡುವುದಿಲ್ಲ. ಆದರೆ ಇಪ್ಪತ್ತು ವರ್ಷ ಹಿಂದೆ ಅದೇ ಕುರ್ಚಿಯಲ್ಲಿದ್ದ ಯಾನ್ ಸಾಂಗ್ ಮನೆಯಲ್ಲಿ ಸಿಕ್ಕಿದ್ದು 20 ಲಕ್ಷ ಲಿಯಾಂಗ್ ಮೇಲೆ ಬೆಳ್ಳಿ. ಜಪ್ತಿಯವರಿಗೆ ಈ ಲೆಕ್ಕ ಸಾಲಲಿಲ್ಲ. ಇನ್ನೂ ಎಲ್ಲೋ ಬಚ್ಚಿಟ್ಟಿದ್ದೀರಿ ಅಂತ ದೊಡ್ಡ ಮಗ ಜಿಂಗ್‌ಶಿಯುವನ್ನು ಹಿಂಸಿಸಿದರು. ತಾಳಲಾರದೆ, 3 ಲಕ್ಷ ಬೇರೆಯವರ ಮನೆಯಲ್ಲಿ ಇಟ್ಟಿದ್ದೇನೆ ಅಂತ ಸುಳ್ಳು ಒಪ್ಪಿಕೊಂಡ. ಆಮೇಲೆ ನೇಣು ಹಾಕಿಕೊಂಡ. ಎರಡನೇ ಮಗನನ್ನು ಜ್ವರದ ಸೀಮೆಗೆ ಗಡಿಪಾರು ಮಾಡಿದರು. ಹಳದಿ ನದಿ ಕಟ್ಟಿದ ಪಾನ್ ಜಿಶುನ್ ಆಗ ನ್ಯಾಯ ಇಲಾಖೆಯ ಮಂತ್ರಿ. ಸಾಹೇಬರ ಮುದುಕಿ ತಾಯಿಯ ಮೇಲಾದರೂ ದಯೆ ಇರಲಿ ಅಂದದ್ದಕ್ಕೆ ಅವನ ನೌಕರಿಯೂ ಹೋಯಿತು. ಕೊನೆಗೆ ಆ ತಾಯಿಗೆ ಒಂದು ಖಾಲಿ ಮನೆ, 10 ಚಿಂಗ್ ಹೊಲ ಬಿಟ್ಟುಕೊಟ್ಟರು. ಸಾಹೇಬರ ಶವಪೆಟ್ಟಿಗೆ ಒಡೆದು ಹೆಣ ತುಂಡು ಮಾಡಬೇಕಿತ್ತು, ಬಹಳ ವರ್ಷ ಸೇವೆ ಮಾಡಿದ್ದಕ್ಕೆ ಬಿಟ್ಟಿದ್ದೇನೆ ಅಂತ ವಾನ್ಲಿ ಹುಕುಂ ಹೊರಡಿಸಿದ.

ಬೀದರಿಗೆ ಹೋದವರಿಗೆಲ್ಲ ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ ನೆನಪಾಗಿರುತ್ತಾನೆ. ಅವನೂ ಹೊಲ ಅಳೆಸಿದ, ಊರಿನ ಸೀಮೆ ಗಟ್ಟಿ ಮಾಡಿಸಿದ, ಪ್ರಾಂತ್ಯಗಳನ್ನು ನಾಲ್ಕಿದ್ದದ್ದು ಎಂಟು ಮಾಡಿ ಸರದಾರರ ಬಲ ಕಡಿದ. ಅವನ ಮೊಹರು ಇದ್ದ ಖಾಲಿ ಕಾಗದದ ಮೇಲೆ ಒರಿಸ್ಸಾದ ರಾಜನಿಗೆ ಬರೆದ ಹಾಗೆ ಸುಳ್ಳು ಪತ್ರ ಹುಟ್ಟಿಸಿದರು. 1481ರ ಏಪ್ರಿಲ್ 5ರಂದು ಸುಲ್ತಾನ ಮೂರನೇ ಮಹಮ್ಮದ್ ಶಾಹ, 70 ದಾಟಿದ ಆ ಮುದುಕನ ತಲೆ ತೆಗೆಸಿದ. ಜಾಂಗ್ ಸಾಹೇಬರ ಸಾವಿಗೆ ನೂರು ವರ್ಷ ಮೊದಲು. ಆದರೆ ಎರಡೂ ಒಂದೇ ಅಂತ ನಾನು ಒಪ್ಪುವುದಿಲ್ಲ. ಗವಾನನ ಮೇಲೆ ಹೊರಿಸಿದ್ದು ಪೂರಾ ಸುಳ್ಳು. ಸುಲ್ತಾನನಿಗೇ ಆಮೇಲೆ ತಿಳಿದು, ಕೊರಗಿ, ವರ್ಷದೊಳಗೆ ಸತ್ತ. ಸಾಹೇಬರ ಮೇಲಿನ ಆರೋಪದಲ್ಲಿ ಅರ್ಧ ಖರೆ ಇತ್ತು. ಅದಕ್ಕೇ ವಾನ್ಲಿ ಕೊರಗಲಿಲ್ಲ. ಇನ್ನೂ 36 ವರ್ಷ ಆಳಿದ. ಅದರಲ್ಲಿ ಬಹಳ ವರ್ಷ ದರ್ಬಾರಿಗೇ ಬರಲಿಲ್ಲ, ಖಾಲಿ ಹುದ್ದೆ ತುಂಬಲಿಲ್ಲ, ಬಂದ ಕಾಗದಕ್ಕೆ ಉತ್ತರವನ್ನೇ ಕೊಡಲಿಲ್ಲ. ಮೂರು ರಜಿಸ್ಟರ್ ಯಾವಾಗಲೋ ನಿಂತುಹೋಗಿದ್ದವು.

ವಾನ್ಲಿ ಬದುಕಿರುವವರೆಗೂ ಸಾಹೇಬರ ಪರವಾಗಿ ಒಂದು ಮಾತಾಡಲು ಯಾರಿಗೂ ಧೈರ್ಯ ಬರಲಿಲ್ಲ. 1622ರಲ್ಲಿ, ವಾನ್ಲಿಯ ಮೊಮ್ಮಗನ ಕಾಲದಲ್ಲಿ, ಬಿರುದುಗಳನ್ನು ವಾಪಸು ಕೊಟ್ಟರು. ಆಗ ಅವರ ಗುಣ ಹೇಳಿದವರಲ್ಲಿ ತಪಾಸಣೆ ಇಲಾಖೆಯ ಮುಖ್ಯಸ್ಥನೂ ಒಬ್ಬ. ಜೌ ಯುವಾನ್‌ಬಿಯಾವ್. ರಜೆ ಅರ್ಜಿಯ ಹುಡುಗ. ಈಗ ಎಪ್ಪತ್ತರ ಮುದುಕ.

ಸಾಹೇಬರನ್ನು ಅಳಿಸಿಹಾಕಿದರು, ಅವರ ಅಳತೆಯನ್ನು ಅಳಿಸಲು ಆಗಲಿಲ್ಲ. ಆ ಅಂಕಿಗಳೆಲ್ಲ ಉಬ್ಬಿಸಿದ್ದು ಅಂತ ಮೊದಲು ಕೂಗಾಡಿದರು. ಆದರೆ ಬೇರೆ ಲೆಕ್ಕ ಎಲ್ಲಿದೆ? ಕಂದಾಯ ವಸೂಲಿಗೆ ಒಂದು ಪುಸ್ತಕ ಬೇಕಲ್ಲ. ಎಷ್ಟೋ ಕಡೆ ಅದನ್ನೇ ಇಟ್ಟುಕೊಂಡು ಕೆಲಸ ಸಾಗಿಸಿದರು. 1644ರಲ್ಲಿ ಮಿಂಗ್ ವಂಶವೇ ಹೋಗಿ ಮಂಚೂ ಜನ ಬಂದರು. ಅವರೂ ವಾನ್ಲಿ ಕಾಲದ ಕಂದಾಯದ ಪ್ರಮಾಣವನ್ನೇ ಆಧಾರ ಹಿಡಿದರು. ನಮ್ಮ ರೆಕಾರ್ಡ್ ರೂಮುಗಳಲ್ಲೂ ನಿಜಾಮನ ಕಾಲದ ಉರ್ದು ಕಾಗದಗಳು ಇನ್ನೂ ಇವೆ. ಜಗಳ ಬಿದ್ದಾಗ ಹಳೆಯ ಉರ್ದು ಓದಬಲ್ಲವರನ್ನು ಹುಡುಕಿಕೊಂಡು ಹೋಗುತ್ತೇವೆ.

ಆ ಅಳತೆಯ ಮೂಲ ಪುಸ್ತಕಗಳು ಹುಯಿಝೌ ಎಂಬ ಕಡೆ ಕೆಲವು ಉಳಿದಿವೆ. ಪುಟದ ಮೇಲೆ ಹೊಲಗಳು ಒಂದಕ್ಕೊಂದು ಅಂಟಿಕೊಂಡು ಮೀನಿನ ಹುರುಪೆಯ ಹಾಗೆ ಕಾಣುವುದಕ್ಕೆ ಅವುಗಳಿಗೆ ಮೀನು-ಹುರುಪೆ ಪುಸ್ತಕ ಅಂತಲೇ ಹೆಸರು. ತಮ್ಮನ ಮಗ ಫೋನಿನಲ್ಲಿ ಒಂದು ಪುಟದ ಫೋಟೋ ಹುಡುಕಿ ತೋರಿಸಿದ. ಬೆರಳಿಂದ ದೊಡ್ಡದು ಮಾಡಿ ನೋಡಿದೆ. ಅಕ್ಷರ ಒಂದೂ ತಿಳಿಯದು. ಆದರೆ ಪ್ರತಿ ಹೊಲಕ್ಕೂ ನಕ್ಷೆ, ನಂಬರು, ಒಡೆಯನ ಹೆಸರು, ಮಣ್ಣಿನ ದರ್ಜೆ, ಕ್ಷೇತ್ರ, ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರ ದಕ್ಷಿಣಕ್ಕೆ ಏನು ಅಂತ ಚಕ್ಕುಬಂದಿ ಪೂರ್ತಿ ಬರೆದಿರುತ್ತಾರಂತೆ. ಹುಡುಗ ಫೋನು ವಾಪಸು ಕೇಳಿದ. ಅಂಚಿನ ಅಳತೆ ಇನ್ನೂ ಕೂಡಿಸಿ ನೋಡಿಲ್ಲ, ಸ್ವಲ್ಪ ತಡಿ ಅಂದೆ.